ಬೆವರು ಕಾಣಿಸದ ಊರಿನ ಬಿಸಿಲು

"ಬೆಳಗಾವಿಗಾ? ಅಲ್ಲಿ ತಂಪುಂಟಲ್ಲ, ಒಂದು ಸ್ವೆಟರ್ ಇಟ್ಟುಕೋ." ಬೆಳಗಾವಿ ಜಿಲ್ಲೆಗೆ ವರ್ಗಾವಣೆಯಾದ ಮಗನಿಗೋ ಅಳಿಯನಿಗೋ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಬುದ್ಧಿಮಾತು ಇದು. ಬೆಳಗಾವಿ ನಗರದ ಮಟ್ಟಿಗೆ ಈ ಮಾತು ಸುಳ್ಳಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಘಟ್ಟಕ್ಕೆ ಹತ್ತಿರ ಇರುವ ಊರು ಅದು. ಆದರೆ ಆದೇಶಪತ್ರದಲ್ಲಿ ಅಥಣಿ, ರಾಯಬಾಗ, ಕಾಗವಾಡ ಅಥವಾ ಚಿಕ್ಕೋಡಿ ಎಂದಿದ್ದರೆ ಲೆಕ್ಕವೇ ಬೇರೆ.

ಜಿಲ್ಲೆಯ ಉತ್ತರ ಭಾಗದ ಈ ತಾಲ್ಲೂಕುಗಳು ನಮಗೆ ಪೂರ್ತಿ ಅಪರಿಚಿತವೇನಲ್ಲ. ನಿಪ್ಪಾಣಿಯ ಹೆಸರು ಬೀಡಿ ಕಟ್ಟಿದ ಮನೆಗಳಿಗೆ ಹೊಗೆಸೊಪ್ಪಿನ ಊರಾಗಿ ಗೊತ್ತುಂಟು. ಬ್ಯಾಂಕಿನ ಕೆಲಸ, ಶಾಲೆಯ ಕೆಲಸ, ಬೇಕರಿ, ಹೋಟೆಲು, ಮದ್ರಸ ಎಂದು ಘಟ್ಟ ಹತ್ತಿ ದೂರದೂರಿಗೆ ಹೋಗುವುದು ನಮ್ಮವರಿಗೆ ಹೊಸತೂ ಅಲ್ಲ. ಹೊಸತು ಅಲ್ಲಿಯ ಬಿಸಿಲು. "ಸೆಕೆಯಲ್ಲೇ ಹುಟ್ಟಿ ಬೆಳೆದವರು ನಾವು, ನಮಗೆಂತ ಬಿಸಿಲಿನ ಹೆದರಿಕೆ" ಎಂಬ ಧೈರ್ಯವೇ ಅಲ್ಲಿ ನಮಗೆ ಮೊದಲು ತೊಂದರೆ ಕೊಡುವುದು.

ಯಾಕೆ ಅಂತ ನೋಡೋಣ. ಮೈ ತಂಪಾಗುವುದು ಬೆವರು ಸುರಿಯುವುದರಿಂದ ಅಲ್ಲ, ಬೆವರು ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಮೈಯಿಂದ ಎತ್ತಿಕೊಂಡು ಹೋಗುತ್ತದೆ. ಮಂಗಳೂರು, ಉಳ್ಳಾಲದಲ್ಲಿ ಗಾಳಿಯೇ ನೀರು ಕುಡಿದು ತೂಗುತ್ತಿರುತ್ತದೆ. ಅಲ್ಲಿ ಬೆವರು ಆರುವುದಿಲ್ಲ, ಅಂಗಿ ಬೆನ್ನಿಗೆ ಅಂಟುತ್ತದೆ, 34 ಡಿಗ್ರಿಗೇ ಜೀವ ಸಾಕಾಗುತ್ತದೆ. ಅಥಣಿಯಲ್ಲಿ ಏಪ್ರಿಲ್ ಮಧ್ಯಾಹ್ನ ಪಾದರಸ 40ರ ಹತ್ತಿರ ಏರಿದರೂ ಅಂಗಿ ಒಣಗಿಯೇ ಇರುತ್ತದೆ. ಬೆವರು ಬರುತ್ತಿಲ್ಲವೆಂದಲ್ಲ, ಬಂದದ್ದು ಬಂದ ಹಾಗೆ ಆರಿಹೋಗುತ್ತಿದೆ. ಅಂಗಿ ಒದ್ದೆಯಾದರೆ ನೀರು ಕುಡಿಯುವುದು ನಮ್ಮ ರೂಢಿ. ಅಲ್ಲಿ ಆ ಗುರುತೇ ಸಿಗುವುದಿಲ್ಲ. ಮೈಯ ನೀರು, ಉಪ್ಪು ಖಾಲಿಯಾದದ್ದು ತಲೆ ತಿರುಗಿದ ಮೇಲೆ ಗೊತ್ತಾಗುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಮಣ್ಣಿನ ಮಡಕೆ. ಅದೇ ಮಡಕೆ ಅಥಣಿಯಲ್ಲಿ ನೀರನ್ನು ಫ್ರಿಜ್ಜಿನಂತೆ ತಣ್ಣಗಿಡುತ್ತದೆ, ನಮ್ಮೂರಲ್ಲಿ ಅಷ್ಟಕ್ಕಷ್ಟೆ. ನೀರು ತುಂಬುವ ಏರ್ ಕೂಲರ್ ಕೂಡ ಹಾಗೆಯೇ. ಮಂಗಳೂರಿನ ಮನೆಯಲ್ಲಿ ಅದು ಕೋಣೆಯ ತೇವ ಹೆಚ್ಚಿಸಿ ಸೆಕೆಯನ್ನೇ ಜಾಸ್ತಿ ಮಾಡುತ್ತದೆ. ರಾಯಬಾಗದ ಮನೆಯಲ್ಲಿ, ಕಿಟಕಿ ಸ್ವಲ್ಪ ತೆರೆದಿಟ್ಟರೆ, ಕಡಿಮೆ ಖರ್ಚಿನಲ್ಲಿ ಎ.ಸಿ.ಯ ಅರ್ಧ ಕೆಲಸ ಮಾಡುತ್ತದೆ. ಅಲ್ಲಿಗೆ ಹೋಗುವವರು ಎ.ಸಿ.ಗೆ ಸಾಲ ಮಾಡುವ ಮೊದಲು ಒಂದು ಕೂಲರ್, ಎರಡು ಮಡಕೆ ನೋಡಲಿ.

ಐದು ತಾಲ್ಲೂಕುಗಳೂ ಒಂದೇ ಥರ ಇಲ್ಲ. ಪಶ್ಚಿಮಕ್ಕೆ, ಘಟ್ಟದ ಕಡೆಗಿರುವ ನಿಪ್ಪಾಣಿಯಲ್ಲಿ ಮಳೆ ಸ್ವಲ್ಪ ಜಾಸ್ತಿ, ಬಿಸಿಲು ಸ್ವಲ್ಪ ಸಹ್ಯ. ಚಿಕ್ಕೋಡಿ, ರಾಯಬಾಗ ದಾಟಿ ಪೂರ್ವಕ್ಕೆ ಹೋದ ಹಾಗೆ ಮಳೆ ಇಳಿಯುತ್ತದೆ, ಒಣಗಾಳಿ ಏರುತ್ತದೆ. ಅಥಣಿ ಬೆಳಗಾವಿ ನಗರಕ್ಕಿಂತ ಸುಮಾರು 200 ಮೀಟರ್ ತಗ್ಗಿನಲ್ಲಿದೆ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅಥಣಿ ಕಡೆ ಸಾಮಾನ್ಯ ವರ್ಷದಲ್ಲಿ 600 ಮಿಲಿಮೀಟರ್ ಆಸುಪಾಸು. ಇನ್ನೊಂದು ಸಂಗತಿ, ಕೃಷ್ಣೆಯ ದಂಡೆಯಲ್ಲಿ ಉಗಾರ, ಕುಡಚಿ ಸುತ್ತ ಎತ್ತ ನೋಡಿದರೂ ಕಬ್ಬು. ನೀರು ಕಟ್ಟಿದ ಕಬ್ಬಿನ ಗದ್ದೆಯೊಳಗೆ ಗಾಳಿ ಆಡುವುದಿಲ್ಲ. ಅಲ್ಲಿ ನಿಂತರೆ ನಮ್ಮ ಕರಾವಳಿಯ ಸೆಕೆಯೇ ನೆನಪಾಗುತ್ತದೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬಳಿ, ಆಲೆಮನೆಯ ಒಲೆಯ ಬಳಿ ಕೆಲಸ ಮಾಡುವವರಿಗೆ ಹವಾಮಾನ ವರದಿಯ ಅಂಕಿ ಲೆಕ್ಕಕ್ಕೇ ಬರುವುದಿಲ್ಲ.

ರಾತ್ರಿಯ ವಿಷಯದಲ್ಲಿ ಒಂದು ಸಮಾಧಾನ ಉಂಟು. ಒಣಗಾಳಿ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ನಮ್ಮ ಕರಾವಳಿಯ ಹಾಗೆ ಮಧ್ಯರಾತ್ರಿಯೂ ಬೆವರಿ ಎದ್ದು ಕೂರುವ ಗೋಳು ಅಲ್ಲಿ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಆ ಸ್ವೆಟರ್ ನಿಜವಾಗಿಯೂ ಬೇಕಾಗುತ್ತದೆ. ಆದರೆ ಫೆಬ್ರವರಿ ಕೊನೆಯಿಂದ ಮೇ ಕೊನೆಯವರೆಗೆ ಹಗಲು ಹನ್ನೊಂದರಿಂದ ನಾಲ್ಕರ ತನಕದ ಬಿಸಿಲನ್ನು ಹಗುರವಾಗಿ ನೋಡಬಾರದು.

ಹೊಸಬರಿಗೆ ಅತಿ ಅಪಾಯದ ಕಾಲ ಮೊದಲ ಎರಡು ವಾರ. ಹೊಸ ಬಿಸಿಲಿಗೆ ಮೈ ಹೊಂದಿಕೊಳ್ಳಲು 7ರಿಂದ 14 ದಿನ ಬೇಕು. ಆ ಅವಧಿಯಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಳೆದುಹೋಗುವುದು ಕಡಿಮೆಯಾಗುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಹೇಳುವ ಪ್ರಕಾರ, ಕೆಲಸದ ಸ್ಥಳದಲ್ಲಿ ಶಾಖದಿಂದ ಆಗುವ ಸಾವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮೊದಲ ದಿನವೇ ಆಗುತ್ತವೆ, ಶೇ. 70ಕ್ಕೂ ಹೆಚ್ಚು ಮೊದಲ ವಾರದಲ್ಲಿ. ಅದಕ್ಕೇ ಅವರ ನಿಯಮ ಸರಳ: ಹೊಸಬನಿಗೆ ಮೊದಲ ದಿನ ಬಿಸಿಲಿನಲ್ಲಿ ಐದನೇ ಒಂದು ಪಾಲು ಕೆಲಸ, ಮರುದಿನ ಇನ್ನೊಂದು ಪಾಲು, ಹೀಗೆ ಏರಿಸುತ್ತಾ ಹೋಗುವುದು. ಗಳಿಸಿದ ಈ ಅಭ್ಯಾಸ ಉಳಿಯುವುದೂ ಇಲ್ಲ. ಈದ್‌ಗೆಂದು ಊರಿಗೆ ಬಂದು ಎರಡು ಮೂರು ವಾರ ನಿಂತು ಮರಳಿದವನು ಮತ್ತೆ ಹೊಸಬನೇ.

ಇದು ನಮ್ಮವರಿಗೆ ಹತ್ತಿರದಿಂದ ಕಂಡ ಪಾಠ. 2024ರ ಜೂನ್‌ನಲ್ಲಿ ಹಜ್ ಸಮಯದಲ್ಲಿ ಮಕ್ಕಾದಲ್ಲಿ 51.8 ಡಿಗ್ರಿ ದಾಖಲಾಯಿತು. ಸೌದಿ ಸರಕಾರವೇ ಹೇಳಿದ ಲೆಕ್ಕದಂತೆ ತೀರಿಹೋದವರು 1,301 ಮಂದಿ. ಅವರಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಪಾಲು ಪರವಾನಿಗೆ ಇಲ್ಲದೆ ಬಂದು, ನೆರಳಿಲ್ಲದೆ ದೂರ ನಡೆದವರು. ಬಿಸಿಲು ಎಲ್ಲರಿಗೂ ಒಂದೇ ಇತ್ತು, ನೆರಳು ಮಾತ್ರ ಒಂದೇ ಇರಲಿಲ್ಲ. ಗಲ್ಫಿನಲ್ಲಿ ದುಡಿದು ಬಂದವರಿಗೆ ರಿಯಾದಿನ ಒಣಬಿಸಿಯೂ ದಮಾಮಿನ ತೇವದ ಬಿಸಿಯೂ ಬೇರೆ ಬೇರೆ ಅಂತ ಗೊತ್ತು. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಸೌದಿಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವೂ ಅವರಿಗೆ ಗೊತ್ತು.

ನಮ್ಮಲ್ಲಿ? ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಏಪ್ರಿಲ್–ಮೇ ತಿಂಗಳಲ್ಲಿ ಸರಕಾರಿ ಕಚೇರಿ ಸಮಯವನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ರೂಢಿ. 2025ರಲ್ಲೂ ಹಾಗೆಯೇ ಆಯಿತು. ಅಥಣಿ ಈ ಎರಡೂ ಜಿಲ್ಲೆಗಳ ಗಡಿಗೆ ಅಂಟಿಕೊಂಡಿದೆ. ಗಡಿಯ ಆಚೆ ಈಚೆ ಬಿಸಿಲು ಬದಲಾಗುವುದಿಲ್ಲ. ಆದರೆ ಅಥಣಿ ಬೆಳಗಾವಿ ಜಿಲ್ಲೆಗೆ ಸೇರಿದ್ದರಿಂದ ಈ ಆದೇಶದ ಹೊರಗೆ ಉಳಿಯುತ್ತದೆ. ಎಸ್ಸೆಸ್ಸೆಲ್ಸಿ ಲೆಕ್ಕಕ್ಕೆ ಚಿಕ್ಕೋಡಿಯನ್ನು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ ಎಂದು ನೋಡುವ ಸರಕಾರ, ಬಿಸಿಲಿನ ಲೆಕ್ಕದಲ್ಲೂ ಜಿಲ್ಲಾ ಕೇಂದ್ರದ ಹವೆಯನ್ನು ಬಿಟ್ಟು ತಾಲ್ಲೂಕಿನ ಹವೆಯನ್ನು ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ಹೋಗುವವರೂ ಅಷ್ಟೆ, ಮೊಬೈಲಿನಲ್ಲಿ ಬೆಳಗಾವಿಯ ಹವಾಮಾನ ನೋಡಬೇಡಿ, ನೀವು ಇರುವ ಊರಿನದ್ದನ್ನೇ ನೋಡಿ.

ಉಳಿದದ್ದು ದಿನನಿತ್ಯದ ಎಚ್ಚರ. ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆ ನೀರು ಕುಡಿಯಿರಿ. ಮೂತ್ರದ ಬಣ್ಣ ಕಡುಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ಅಲ್ಲಿಯವರು ಕುಡಿಯುವ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ನಮ್ಮ ಗಂಜಿ, ಪುನರ್ಪುಳಿ ಶರಬತ್ತಿನಷ್ಟೇ ಒಳ್ಳೆಯದು, ನಾಚಿಕೊಳ್ಳದೆ ಕೇಳಿ ಕುಡಿಯಿರಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾದಿಂದ ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳುವ ಸ್ಥಿತಿ ಬರುವುದುಂಟು, ಹಾಗಾಗಿ ಕುಡಿಯುವ ನೀರನ್ನು ಕುದಿಸಿಯೇ ಕುಡಿಯುವುದು ಕ್ಷೇಮ. ತಲೆಗೆ ಬಿಳಿ ಬಟ್ಟೆ ಇರಲಿ, ಹೆಣ್ಣುಮಕ್ಕಳ ಬುರ್ಖಾ ಸಡಿಲವಾದ ಹತ್ತಿಯದ್ದಾಗಲಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ಹೊರಡುವ ಮೊದಲು ವೈದ್ಯರನ್ನು ಕೇಳಬೇಕು. ಯಾರಾದರೂ ತಡಬಡಿಸಿ ಮಾತಾಡಲು ಶುರು ಮಾಡಿದರೆ, ಮೈ ಕಾದ ಕಬ್ಬಿಣದಂತಾಗಿ ಪ್ರಜ್ಞೆ ತಪ್ಪಿದರೆ ಅದು ಸುಸ್ತಲ್ಲ, ಶಾಖಾಘಾತ. ನೆರಳಿಗೆ ತಂದು ಮೈಮೇಲೆ ನೀರು ಹೊಯ್ದು ಗಾಳಿ ಬೀಸಿ, 108ಕ್ಕೆ ಕರೆಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಕೊನೆಯದಾಗಿ ನಮ್ಮ ಕಡೆಯ ಮಾತು. ಉತ್ತರ ಕರ್ನಾಟಕದಿಂದ ಮಂಗಳೂರಿಗೆ ಬಂದು ನಮ್ಮ ಮನೆ, ಮಸೀದಿ, ಅಂಗಡಿ ಕಟ್ಟುವ ಕೂಲಿಯವರು ಇದೇ ದಾರಿಯಲ್ಲಿ ಎದುರಿನಿಂದ ಬಂದವರು. 40 ಡಿಗ್ರಿ ಬಿಸಿಲು ಕಂಡವರು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆಗೆ ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ನೋಡಿದರೆ, ಕರಾವಳಿಯಲ್ಲಿ 37ಕ್ಕೇ ಎಚ್ಚರವಾಗುತ್ತದೆ. ತೇವದ ಗಾಳಿಯಲ್ಲಿ ಅವರ ಬೆವರು ಆರುವುದಿಲ್ಲ, ಬಯಲಿನಲ್ಲಿ ಕಲಿತ ಅಭ್ಯಾಸ ಇಲ್ಲಿ ಕೈಕೊಡುತ್ತದೆ. "ಸೋಮಾರಿ" ಎಂದು ಬೈಯುವ ಮೊದಲು ಅವನು ಬಂದು ಎಷ್ಟು ದಿನವಾಯಿತು ಎಂದು ಕೇಳಿ. ಮೊದಲ ವಾರ ಅರ್ಧ ಕೆಲಸ, ಪೂರ್ತಿ ಕೂಲಿ, ನೆರಳಿನಲ್ಲಿ ಒಂದು ಕೊಡ ನೀರು. ಅಥಣಿಯಲ್ಲಿ ನಮ್ಮ ಮಗನಿಗೆ ಇಷ್ಟು ಸಿಗಲಿ ಎಂದು ಬಯಸುವ ನಾವು, ಅಥಣಿಯಿಂದ ಬಂದವನಿಗೂ ಇಷ್ಟನ್ನು ಕೊಡಬೇಕು.