ಪಿಂಚಣಿ ದಾನವಲ್ಲ, ಹಿಡಿದಿಟ್ಟ ಕೂಲಿ

ಗಿರಣಿಯ ಬಾಗಿಲು ಮುಚ್ಚಿತೆಂದರೆ ಸಾಕು, ಕಾರ್ಮಿಕನ ಮುಂದೆ ಒಂದು ಕಾಗದ ಹಿಡಿದು ಮಧ್ಯವರ್ತಿ ನಿಲ್ಲುತ್ತಾನೆ. "ಇಲ್ಲಿ ಸಹಿ ಹಾಕು, ಇದ್ದ ಹಣವೆಲ್ಲ ಕೈಗೆ ಬರುತ್ತದೆ" ಎನ್ನುತ್ತಾನೆ. ಮನೆಯಲ್ಲಿ ಸಾಲ ಕೊಟ್ಟವರ ಕಾಟ, ಮಗಳ ಮದುವೆ ಬೇರೆ. ಸಹಿ ಬೀಳುತ್ತದೆ. ಹೋದದ್ದು ಏನೆಂದು ತಿಳಿಯುವುದು ಮುಪ್ಪಿನಲ್ಲಿ.

ಬಂಧುಗಳೇ, ಭವಿಷ್ಯನಿಧಿ ಬೇರೆ, ಪಿಂಚಣಿ ಬೇರೆ. ಮಾಲೀಕನು ಕಟ್ಟಬೇಕಾದ ಪಾಲಿನಿಂದ ಸಂಬಳದ ನೂರಕ್ಕೆ 8.33 ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಹತ್ತು ವರ್ಷ ದುಡಿದವನಿಗೆ 58ನೆಯ ವಯಸ್ಸಿನಿಂದ ಬದುಕಿರುವವರೆಗೂ ಪಿಂಚಣಿಯ ಹಕ್ಕುಂಟು. ಹತ್ತು ವರ್ಷ ತುಂಬದೆ ಕೆಲಸ ಬಿಟ್ಟವನು ಪಿಂಚಣಿಯ ಹಣ ಹಿಂದಕ್ಕೆ ಪಡೆಯಬಹುದು; ಆದರೆ ಪಡೆದರೆ ಅಷ್ಟು ವರ್ಷಗಳ ಲೆಕ್ಕವೂ ಅಳಿದುಹೋಯಿತು. ಅದರ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ ಪಡೆದರೆ, ಮುಂದಿನ ಗಿರಣಿಯ ಸೇವೆ ಹಳೆಯದಕ್ಕೆ ಕೂಡಿಕೊಳ್ಳುತ್ತದೆ. ಎಂಟು ವರ್ಷ ಒಂದು ಕಡೆ, ಮೂರು ವರ್ಷ ಇನ್ನೊಂದು ಕಡೆ ದುಡಿದವನು ಈ ಒಂದು ಕಾಗದದಿಂದ ಪಿಂಚಣಿದಾರನಾಗುತ್ತಾನೆ. ಇದನ್ನು ಮಧ್ಯವರ್ತಿ ಹೇಳುವುದಿಲ್ಲ; ಅವನಿಗೆ ಬೇಕಾದದ್ದು ಕಮಿಷನ್ನು.

ಇನ್ನೊಂದು ಅವಸರವೂ ಉಂಟು. ಐವತ್ತು ತುಂಬಿ ಕೆಲಸ ಬಿಟ್ಟವನು 58ರವರೆಗೆ ಕಾಯದೆಯೂ ಪಿಂಚಣಿ ಕೇಳಬಹುದು. ಆದರೆ ಮುಂಚಿನ ಒಂದೊಂದು ವರ್ಷಕ್ಕೂ ನೂರಕ್ಕೆ ನಾಲ್ಕರಂತೆ ಕಡಿತ. ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಪಿಂಚಣಿ ಸಿಕ್ಕಿತು: 15,000 ರೂಪಾಯಿ, 14 ವರ್ಷ ಎಂದರೆ ತಿಂಗಳಿಗೆ 3,000. ಅದನ್ನೇ ಐವತ್ತಕ್ಕೆ ಕೇಳಿದರೆ ಕಾಲುಭಾಗಕ್ಕಿಂತ ಹೆಚ್ಚು ಹೋಯಿತು. 58 ತುಂಬಿದ ಮೇಲೂ ಅದು ತಿರುಗಿ ಬಾರದು. ಹಸಿವು ಕಾಯಬಿಡದಿದ್ದರೆ ತಪ್ಪು ಕಾರ್ಮಿಕನದಲ್ಲ. ಕಾಯಬಲ್ಲವನು ಮಾತ್ರ ಕಾಯಲಿ.

ಅಂಗಡಿಕಾರ ಮಿತ್ರರಿಗೆ ಮಾಲೀಕನೂ ಇಲ್ಲ, ಅವನ ಪಾಲೂ ಇಲ್ಲ. ಆದಾಯ ತೆರಿಗೆ ಕಟ್ಟದವರಿಗೆ 2015ರಲ್ಲಿ ಬಂದ ಅಟಲ್ ಪಿಂಚಣಿ ಉಂಟು. ಸೇರಲು ನಲವತ್ತು ದಾಟಿರಬಾರದು. ಅರವತ್ತರ ನಂತರ 5,000 ಬೇಕಾದರೆ ಹದಿನೆಂಟಕ್ಕೆ ಸೇರಿದ ಹುಡುಗ ತಿಂಗಳಿಗೆ 210 ಕಟ್ಟಿದರೆ, ನಲವತ್ತರವನು 1,454 ಕಟ್ಟಬೇಕು. ತಡಮಾಡಿದವನ ಗಲ್ಲಾಪೆಟ್ಟಿಗೆಗೆ ಇದು ಹಗುರಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿ ಕಾದವನಿಗೂ ಸರ್ಕಾರ ತೋರಿಸಿದ ಔದಾರ್ಯವೇನು? 2014ರಲ್ಲಿ ಕಾರ್ಮಿಕರ ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ಗೊತ್ತುಮಾಡಿತು. ದಿನಕ್ಕೆ ಮೂವತ್ತಮೂರು ರೂಪಾಯಿ. ಅಕ್ಕಿ, ಬೇಳೆ, ಔಷಧಿಗಳ ಬೆಲೆ ಏರುತ್ತಲೇ ಹೋಯಿತು. ಹತ್ತು ವರ್ಷ ಕಳೆದರೂ ಅದಕ್ಕೆ ಒಂದು ಬಿಡಿಗಾಸು ಸೇರಲಿಲ್ಲ. ಇದನ್ನು ಏರಿಸಬೇಕು, ಬೆಲೆಯೊಂದಿಗೆ ಹೊಂದಿಸಬೇಕು ಎಂಬ ಒತ್ತಾಯವನ್ನು ಪ್ರತಿ ಗಿರಣಿಯ ಬಾಗಿಲಲ್ಲೂ ಎತ್ತಬೇಕಾಗಿದೆ.

ಕಾಗದ ಓದಿಸಿಕೊಳ್ಳಬೇಕಾದವರು ಸಹಿ ಹಾಕುವುದಕ್ಕೆ ಮೊದಲು ನಮ್ಮ ಕಚೇರಿಗೆ ಬರಲಿ. ಹಾಕಿದ ಮೇಲೆ ಬಂದರೆ ನಾವೂ ಹೆಚ್ಚೇನೂ ಮಾಡಲಾರೆವು.