ಫೋನಿನಲ್ಲಿ ಎಂ.ಎ.: ಚೀಟಿ ನೋಡಿ ಹಣ ಕಟ್ಟಿರಿ



ಬಿ.ಎ. ಮುಗಿಸಿ ಮನೆಗೆ ಬಂದ ಮಗನೋ ಮಗಳೋ "ಆನ್‌ಲೈನಿನಲ್ಲಿ ಎಂ.ಎ. ಮಾಡುತ್ತೇನೆ" ಎಂದರೆ ಬೇಡವೆನ್ನಬೇಡಿರಿ. ದೊಡ್ಡಉಳ್ಳಾರ್ತಿಯಿಂದ ದಿನವೂ ಬಸ್ಸು ಹಿಡಿದು ಚಿತ್ರದುರ್ಗದ ಬಳಿಯ ಗುಡ್ಡದರಂಗವ್ವನಹಳ್ಳಿ ಸ್ನಾತಕೋತ್ತರ ಕೇಂದ್ರಕ್ಕೆ ಹೋಗಿಬರುವುದು ಎಲ್ಲರಿಗೂ ಆಗುವ ಮಾತಲ್ಲ. ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೇ ಇದೆ, ನಿಜ. ಎಂ.ಎ., ಎಂ.ಕಾಂ. ಓದುವವರಿಗೆ ಅಲ್ಲಿ ಜಾಗವಿಲ್ಲ.

ಮನೆಯಲ್ಲಿದ್ದು ಓದುವ ಪದ್ಧತಿ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮುಂದೆ ಅದು ರಾಜ್ಯದ ಹೊರಗೆಲ್ಲ ಖಾಸಗಿಯವರ ಮೂಲಕ ಕೇಂದ್ರಗಳನ್ನು ನಡೆಸಿತು. 2012–13ರ ನಂತರದ ಕೋರ್ಸುಗಳಿಗೆ ಮನ್ನಣೆಯಿಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ (ಯುಜಿಸಿ) 2015ರಲ್ಲಿ ಸಾರಿತು. ಆ ಹೊತ್ತಿಗೆ ಹಣ ಕಟ್ಟಿ ಓದಿದವರ ವರ್ಷಗಳು ಅತಂತ್ರವಾದವು. ಮನ್ನಣೆ ಮರಳಿದ್ದು 2018ರಲ್ಲಿ. ತಪ್ಪು ಓದಿದವರದಲ್ಲ, ಪೆಟ್ಟು ಬಿದ್ದದ್ದು ಅವರಿಗೆ.

ಬಿತ್ತನೆ ಶೇಂಗಾ ಕೊಳ್ಳುವಾಗ ಚೀಲಕ್ಕೆ ಹೊಲಿದ ದೃಢೀಕರಣದ ನೀಲಿ ಚೀಟಿಯನ್ನು ನೋಡುತ್ತೀರಲ್ಲವೆ? ಪದವಿಗೂ ಅಂಥ ಚೀಟಿ ಇದೆ. ಯಾವ ವಿಶ್ವವಿದ್ಯಾನಿಲಯ ಯಾವ ಕೋರ್ಸನ್ನು ಆನ್‌ಲೈನಿನಲ್ಲಿ ನಡೆಸಬಹುದೆಂಬ ಪಟ್ಟಿ ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿದೆ. ಪಟ್ಟಿಯಲ್ಲಿದ್ದರೆ ಆ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. 2022ರಲ್ಲಿ ಆಯೋಗವೇ ಇದನ್ನು ಸ್ಪಷ್ಟಪಡಿಸಿದೆ. ಹಳೆಯ ಪಟ್ಟಿ ನಂಬಬೇಡಿರಿ. ಮನಃಶಾಸ್ತ್ರದಂಥ ಕೆಲವು ವಿಷಯಗಳನ್ನು 2025ರ ಜುಲೈ ಸರದಿಯಿಂದ ನಿಲ್ಲಿಸಲಾಗಿದೆ. ಆನ್‌ಲೈನಿನಲ್ಲಿ ಕೃಷಿ ಪದವಿ ಅಥವಾ ಪಿಎಚ್‌.ಡಿ. ಕೊಡಿಸುತ್ತೇವೆಂದು ಯಾರಾದರೂ ಬಂದರೆ ನೀರು ಕೊಟ್ಟು ಕಳುಹಿಸಿರಿ. ಅವೆರಡಕ್ಕೂ ಅನುಮತಿಯೇ ಇಲ್ಲ.

ಪ್ರವೇಶಕ್ಕೆ ಮೊದಲು ವಿದ್ಯಾರ್ಥಿಯು ಆ ಜಾಲತಾಣದಲ್ಲೇ ಹೆಸರು ನೋಂದಾಯಿಸಿ ಸಂಖ್ಯೆ ಪಡೆಯಬೇಕು. ಶುಲ್ಕವನ್ನು ವಿಶ್ವವಿದ್ಯಾನಿಲಯದ ಖಾತೆಗೇ ಕಟ್ಟಿ ರಸೀದಿ ಇಟ್ಟುಕೊಳ್ಳಿರಿ. ಏಜೆಂಟನ ಕೈಗೆ ಕೊಡಬೇಡಿರಿ.

ಇಷ್ಟಾದರೆ ಅರ್ಧ ಕೆಲಸವಾಯಿತು. ಉಳಿದರ್ಧ ಮನೆಯೊಳಗಿನದು, ಕಷ್ಟವೂ ಅದೇ. ಕಾಲೇಜಿಗೆ ಹೋದ ಮಗಳು ಓದುತ್ತಿದ್ದಾಳೆಂದು ಎಲ್ಲರೂ ಒಪ್ಪುತ್ತಾರೆ. ಅದೇ ಮಗಳು ಪಡಸಾಲೆಯಲ್ಲಿ ಫೋನ್ ಹಿಡಿದು ಕುಳಿತರೆ ಸುಮ್ಮನೆ ಕುಳಿತಿದ್ದಾಳೆಂದು ತೋರುತ್ತದೆ. ನೀರು ತಾ, ದನ ಕಟ್ಟು, ಹೊಲಕ್ಕೆ ಬುತ್ತಿ ಒಯ್ಯಿ ಎನ್ನುತ್ತೇವೆ. ಪಾಠ ಅಲ್ಲಿಗೆ ಮುರಿಯುತ್ತದೆ. ಸಂದೇಹ ಬಂದರೆ ಕೇಳಲು ಪಕ್ಕದಲ್ಲಿ ಗೆಳತಿಯಿಲ್ಲ, ಮೇಷ್ಟ್ರಿಲ್ಲ. ಪಾಠ ಇಂಗ್ಲಿಷಿನಲ್ಲಿದ್ದರೆ ಇನ್ನೂ ತೊಡಕು. ಹೀಗೆ ಒಬ್ಬೊಬ್ಬರೇ ಕುಳಿತವರು ನಡುವೆ ಕೈಬಿಡುವುದು ಸುಲಭ.

ಆದ್ದರಿಂದ ದಿನಕ್ಕೆ ಎರಡು ಗಂಟೆ ಅವರನ್ನು ಕರೆಯದಿರಿ. ಊರಿನಲ್ಲಿ ಇಬ್ಬರು ಮೂವರು ಓದುವವರಿದ್ದರೆ ಸಂಜೆ ವಾಚನಾಲಯದಲ್ಲಿ ಒಂದು ಮೇಜು ಬಿಟ್ಟುಕೊಡಿರಿ. ಜುಲೈನಲ್ಲಿ ಸೇರಿದವರಿಗೆ ಪಾಠ ಶುರುವಾಗುವುದು ಬಿತ್ತನೆಯ ಕಾಲದಲ್ಲೇ. ಮುಂದೆ ಪರೀಕ್ಷೆಯ ವಾರ ಶೇಂಗಾ ಕೀಳುವ ವಾರಕ್ಕೆ ಬಿದ್ದರೆ ಒಂದಾಳು ಹೆಚ್ಚು ಕರೆಯಿರಿ.