ದೂರದ ಚುನಾವಣೆ, ಮನೆಯೊಳಗಣ ವಾದ

ಲೋಕದ ಒಂದು ಮೂಲೆಯಲ್ಲಿ ಎದ್ದ ಗಾಳಿಯು ಇನ್ನೊಂದು ಮೂಲೆಯ ಮನೆಯ ದೀಪವನ್ನು ಅಲುಗಿಸುವ ಕಾಲವಿದು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2024ನೆಯ ಇಸವಿ ನವೆಂಬರ 5ನೆಯ ತಾರೀಖಿನಂದು ನಡೆದ ಅಧ್ಯಕ್ಷರ ಚುನಾವಣೆಯು ನಮ್ಮ ಉಡುಪಿಯ ರಥಬೀದಿಯಲ್ಲಿಯೂ, ಮಣಿಪಾಲದ ಕಾಲೇಜುಗಳ ಆವರಣದಲ್ಲಿಯೂ, ಕಾಪು ಕಾರ್ಕಳಗಳ ಬಸ್ಸು ನಿಲ್ದಾಣಗಳಲ್ಲಿಯೂ ಚರ್ಚೆಗೆ ಗ್ರಾಸವಾದುದನ್ನು ವಾಚಕರು ಬಲ್ಲರು. ಅಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ಆ ಚುನಾವಣೆಯು ನಮ್ಮ ಮನೆಗಳೊಳಗೆ ಏನು ಮಾಡಿತು ಎಂಬುದನ್ನು ಮಾತ್ರ ಈ ತಿಂಗಳು ವಿಚಾರಿಸಬೇಕೆಂದಿದ್ದೇವೆ.

ಆ ಚುನಾವಣೆಯು ಸಾಮಾನ್ಯವಾದುದಾಗಿರಲಿಲ್ಲ. ಜುಲೈ 13ರಂದು ಪೆನ್ಸಿಲ್ವೇನಿಯದ ಬಟ್ಲರ್ ಎಂಬಲ್ಲಿ ಸಭೆಯಲ್ಲಿ ಮಾತನಾಡುತ್ತಿದ್ದ ಟ್ರಂಪರ ಮೇಲೆ ಗುಂಡು ಹಾರಿತು. ಎಂಟು ದಿನಗಳ ಮೇಲೆ ಅಧ್ಯಕ್ಷ ಬೈಡನರು ತಾವು ಸ್ಪರ್ಧಿಸುವುದಿಲ್ಲವೆಂದು ಹಿಂದೆ ಸರಿದರು. ಕಮಲಾ ಹ್ಯಾರಿಸರು ಕಣಕ್ಕಿಳಿದರು. ಹ್ಯಾರಿಸರ ತಾಯಿಯ ತಂದೆಯ ಊರಾದ ತಮಿಳುನಾಡಿನ ತುಳಸೇಂದ್ರಪುರದಲ್ಲಿ ಅವರ ಜಯಕ್ಕಾಗಿ ದೇವರಿಗೆ ಪೂಜೆ ಸಲ್ಲಿಸಿದರು. ಉಪಾಧ್ಯಕ್ಷ ಪದವಿಗೆ ಎದುರುಪಕ್ಷದಿಂದ ನಿಂತ ವ್ಯಾನ್ಸರ ಪತ್ನಿಯ ಪೂರ್ವಜರ ಊರಾದ ಆಂಧ್ರದ ವಡ್ಲೂರಿನಲ್ಲಿಯೂ ಪ್ರಾರ್ಥನೆ ನಡೆಯಿತು. ಒಂದೇ ದೇಶದ ಎರಡು ಹಳ್ಳಿಗಳು, ಸಾವಿರಾರು ಹರದಾರಿ ದೂರದ ಎರಡು ಪಕ್ಷಗಳಿಗಾಗಿ ಕೈಮುಗಿದುವು. ಮತವಿಲ್ಲದವರಿಗೂ ಮಮತೆಯಿರುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ನಮ್ಮ ಜಿಲ್ಲೆಯವರಿಗಂತೂ ಅಮೇರಿಕವು ಭೂಪಟದ ಮೇಲಿನ ಬರಿಯ ಬಣ್ಣವಲ್ಲ. ಮಗನೋ ಮಗಳೋ ಅಳಿಯನೋ ಅಲ್ಲಿರುವ ಮನೆಗಳು ಇಲ್ಲಿ ಎಷ್ಟೋ ಇವೆ. ಅಲ್ಲಿಯ ಸರಕಾರವು ವೀಸಾದ ಕಟ್ಟಳೆಯನ್ನು ಒಂದಿಷ್ಟು ಬಿಗಿದರೆ ಇಲ್ಲಿಯ ತಾಯಿಗೆ ನಿದ್ರೆಯಿಲ್ಲ. ನಮ್ಮ ಪರಿಚಯದ ಕಾರ್ಕಳದ ಒಂದು ಮನೆಯಲ್ಲಿ, ವಾರಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ತಂದೆಮಕ್ಕಳ ದೂರವಾಣಿಯ ಮಾತು ಆ ಚುನಾವಣೆಯ ದಿನಗಳಲ್ಲಿ ನಿಂತೇಹೋಯಿತು. ತಂದೆಯು ಇಲ್ಲಿ ಕುಳಿತು ಒಬ್ಬ ಅಭ್ಯರ್ಥಿಯನ್ನು ಮೆಚ್ಚಿದರು. ಮಗನು ಅಲ್ಲಿದ್ದು ಇನ್ನೊಬ್ಬರನ್ನು ಬಯಸಿದನು. "ಅಪ್ಪಯ್ಯ, ಇಲ್ಲಿಯ ಕಷ್ಟ ನಿಮಗೆ ತಿಳಿಯದು" ಎಂದು ಅವನು ಹೇಳಿದರೆ, "ನೀನು ಊರನ್ನೇ ಮರೆತೆ" ಎಂದು ಇವರ ಉತ್ತರ. ಎರಡೂ ಮಾತುಗಳು ಚುನಾವಣೆಯನ್ನು ಕುರಿತವಲ್ಲ, ಒಬ್ಬರನ್ನೊಬ್ಬರು ಕುರಿತವು. ಹಾಗಾಗಿಯೇ ಅವು ನಾಟಿದುವು. ಆ ಮನೆಯ ತಾಯಿಯು ಮೊಮ್ಮಗುವಿನ ದನಿಯನ್ನು ಕೇಳದೆ ತಿಂಗಳುಗಟ್ಟಲೆ ಕಳೆದರು. ಮತವನ್ನೇ ಹಾಕದ ಆಕೆಗೆ ಶಿಕ್ಷೆಯಾಯಿತು.

ಇಂತಹ ಬಿರುಕು ನಮ್ಮ ಸೀಮೆಗೆ ಹೊಸತಲ್ಲ. ಈಗ ಉಡುಪಿ, ಕಾಪು, ಕಾರ್ಕಳಗಳು ಚಿಕ್ಕಮಗಳೂರಿನೊಡನೆ ಸೇರಿ ಒಂದೇ ಲೋಕಸಭಾ ಕ್ಷೇತ್ರವಾಗಿವೆಯಷ್ಟೆ. 1978ರಲ್ಲಿ ಉಡುಪಿ ಬೇರೆ ಕ್ಷೇತ್ರದಲ್ಲಿತ್ತು. ಕಾರ್ಕಳವು ಆಗಲೇ ಚಿಕ್ಕಮಗಳೂರಿಗೆ ಸೇರಿತ್ತು. ತುರ್ತುಪರಿಸ್ಥಿತಿಯ ಅನಂತರ 1977ರಲ್ಲಿ ರಾಯಬರೇಲಿಯಲ್ಲಿ ಸೋತಿದ್ದ ಶ್ರೀಮತಿ ಇಂದಿರಾ ಗಾಂಧಿಯವರಿಗಾಗಿ ಶ್ರೀ ಡಿ. ಬಿ. ಚಂದ್ರೇಗೌಡರು ಚಿಕ್ಕಮಗಳೂರಿನ ಸ್ಥಾನವನ್ನು ತೆರವು ಮಾಡಿಕೊಟ್ಟರು. ಮುಖ್ಯಮಂತ್ರಿ ದೇವರಾಜ ಅರಸರು ಬೆನ್ನಿಗೆ ನಿಂತರು. ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಎದುರಾದರು. ಆ ವರ್ಷದ ನವೆಂಬರದಲ್ಲಿ ಈ ಮಲೆನಾಡು ಕರಾವಳಿಗಳ ಮೂಲೆಯನ್ನು ದೇಶವೆಲ್ಲ ನೋಡಿತು. ಹೊರದೇಶದ ಪತ್ರಕರ್ತರೂ ಬಂದರು. ನಾವು ಆಗ ಶಾಲೆಯ ಬಾಲಕರು. ಒಂದು ಸಿಂಹಿಣಿ, ನೂರು ಮುಸುವಗಳು ಎಂಬರ್ಥದ ಹಿಂದೀ ಘೋಷಣೆಯು ಹಿಂದಿಯರಿಯದವರ ಬಾಯಲ್ಲಿಯೂ ನಲಿಯುತ್ತಿತ್ತು.

ಆ ಪ್ರಚಾರದ ಒಂದು ಸಂಗತಿಯನ್ನು ಇಂದಿರಾ ಗಾಂಧಿಯವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ವಿರೋಧಪಕ್ಷದವರು ಅವರನ್ನು ಹೆಡೆಯೆತ್ತಿದ ನಾಗರಹಾವಿನಂತೆ ಚಿತ್ರಿಸಿ, ಜನರು ಎಚ್ಚರದಿಂದಿರಬೇಕೆಂದು ಗೋಡೆಗೋಡೆಗೆ ಭಿತ್ತಿಪತ್ರಗಳನ್ನು ಹಚ್ಚಿಸಿದರಂತೆ. ಬೇರೆ ಸೀಮೆಯಲ್ಲಾಗಿದ್ದರೆ ಅದು ಹೆದರಿಕೆಯನ್ನು ಹುಟ್ಟಿಸುತ್ತಿತ್ತೇನೋ. ಆದರೆ ನಾಗನು ನಮ್ಮಲ್ಲಿ ನೆಲದ ಒಡೆಯನಲ್ಲವೆ? ಮನೆತನಕ್ಕೊಂದು ನಾಗಬನ, ಪಂಚಮಿಯಂದು ಹಾಲು ಎಳನೀರಿನ ಅಭಿಷೇಕ, ಆಶ್ಲೇಷಾಬಲಿ, ನಾಗಮಂಡಲ ಇವೆಲ್ಲ ಇಂದಿಗೂ ನಡೆಯುತ್ತಲಿವೆ. ಸತ್ತ ನಾಗನನ್ನು ಕಂಡರೆ ಮನುಷ್ಯನಿಗೆ ಮಾಡುವಂತೆ ಸಂಸ್ಕಾರ ಮಾಡುವ ಜನ ನಾವು. ಆ ಚಿತ್ರವು ಹೆದರಿಕೆಯ ಬದಲು ಗೌರವವನ್ನೇ ಹುಟ್ಟಿಸಿತೆಂದು ಚರಿತ್ರಕಾರರ ಹೇಳಿಕೆ. ಅದರಿಂದಲೇ ಗೆಲುವಾಯಿತೆಂದು ನಾವು ಹೇಳುವುದಿಲ್ಲ. ಸುಮಾರು 77 ಸಾವಿರ ಮತಗಳ ಅಂತರವು ಒಂದು ಚಿತ್ರದಿಂದ ಬರತಕ್ಕದ್ದಲ್ಲ. ಆದರೆ ಇದರಲ್ಲಿರುವ ನೀತಿಯು ಗೃಹಸ್ಥರಿಗೆ ಉಪಯುಕ್ತವಾದುದು: ಬೈದವನು ಯಾರನ್ನು ಗುರಿಯಿಟ್ಟನೆಂಬುದಕ್ಕಿಂತ, ಕೇಳಿದವನಿಗೆ ಎಲ್ಲಿ ತಗಲಿತೆಂಬುದೇ ಮುಖ್ಯ. ತಮ್ಮನು ನಂಬಿದ ನಾಯಕನನ್ನು ಅಣ್ಣನು ಹೀನಾಯವಾಗಿ ಜರೆದರೆ, ದಿಲ್ಲಿಯಲ್ಲಿಯೋ ವಾಷಿಂಗ್ಟನ್ನಿನಲ್ಲಿಯೋ ಇರುವ ಆ ನಾಯಕನಿಗೆ ಅದು ಕೇಳಿಸುವುದಿಲ್ಲ. ಎದುರಿಗೆ ಊಟಕ್ಕೆ ಕುಳಿತ ತಮ್ಮನಿಗೆ ಕೇಳಿಸುತ್ತದೆ.

ಹಾಗಾದರೆ ಆ ಮತಗಳು ಎಲ್ಲಿಂದ ಬಂದುವು? ಕಾರ್ಕಳದ ಕಡೆಯಲ್ಲಿ ಉತ್ತರವು ನೆಲದಲ್ಲಿಯೇ ಇತ್ತು. 1974ರ ಮಾರ್ಚಿಯಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ಗದ್ದೆಗೆ ತಾವೇ ಯಜಮಾನರಾಗುತ್ತಿದ್ದರು. ಅಂಥವನಿಗೆ ಇಂದಿರಾ ಗಾಂಧಿ, ಅರಸು ಎಂಬ ಹೆಸರುಗಳೆಂದರೆ ತನ್ನ ಗದ್ದೆಯ ಬದುವೇ ಆಗಿತ್ತು. ಅದೇ ಊರಿನ ಧನಿಗಳ ಮನೆಯಲ್ಲಿ, ಅದರಲ್ಲಿಯೂ ಗೇಣಿಯ ಅಕ್ಕಿಯೊಂದನ್ನೇ ನೆಚ್ಚಿದ್ದ ವಿಧವೆಯರ ಮನೆಯಲ್ಲಿ, ಅವೇ ಹೆಸರುಗಳನ್ನು ಕೇಳಿದರೆ ಕಣ್ಣೀರು ಬರುತ್ತಿತ್ತು. ತುರ್ತುಪರಿಸ್ಥಿತಿಯಲ್ಲಿ ಮಗನು ಸೆರೆಯಲ್ಲಿದ್ದ ಮನೆಯವರಿಗೆ ಬೇರೊಂದು ಕಾರಣವಿತ್ತು. ಇವರಲ್ಲಿ ಯಾರನ್ನು ಮೂಢರೆನ್ನೋಣ? ಒಬ್ಬೊಬ್ಬರ ಮತದ ಹಿಂದೆಯೂ ಒಂದೊಂದು ಬದುಕಿತ್ತು. ಒಕ್ಕಲಿನವನೂ ಧನಿಯೂ ಒಂದೇ ನಾಗಬನಕ್ಕೆ ಕೈಮುಗಿಯುವವರಾಗಿದ್ದರೂ, ಆ ವರ್ಷ ಎದುರುಬದುರಾದಾಗ ಮುಖ ತಿರುಗಿಸಿ ನಡೆದುದನ್ನು ನಾವು ಕಂಡಿದ್ದೇವೆ.

ಇನ್ನು ಮುಂದಿನ ಕಥೆಯನ್ನು ವಾಚಕರು ಸಾವಧಾನದಿಂದ ಗಮನಿಸಬೇಕು. ಗೆದ್ದ ಇಂದಿರಾ ಗಾಂಧಿಯವರನ್ನು ಹಕ್ಕುಚ್ಯುತಿಯ ಕಾರಣದಿಂದ 1978ರ ಡಿಸೆಂಬರದಲ್ಲಿಯೇ ಲೋಕಸಭೆಯು ಹೊರಹಾಕಿತು. ಅವರು ಕೆಲವು ದಿನ ತಿಹಾರ ಸೆರೆಮನೆಯಲ್ಲಿದ್ದರು. 1980ರ ಜನವರಿಯಲ್ಲಿ ಮತ್ತೆ ಪ್ರಧಾನಮಂತ್ರಿಗಳಾದರು. ಅವರನ್ನು ಚಿಕ್ಕಮಗಳೂರಿಗೆ ಕರೆತಂದ ಅರಸರು 1979ರಲ್ಲಿಯೇ ಅವರಿಂದ ಅಗಲಿದ್ದರು. ಅವರ ವಿರುದ್ಧ ಸ್ಪರ್ಧಿಸಿ ಸೋತ ವೀರೇಂದ್ರ ಪಾಟೀಲರು ಅವರ ಪಕ್ಷವನ್ನೇ ಸೇರಿ 1980ರಲ್ಲಿ ಅವರದೇ ಸಂಪುಟದ ಮಂತ್ರಿಗಳಾದರು. ಅವರಿಗಾಗಿ ಸ್ಥಾನವನ್ನು ಬಿಟ್ಟುಕೊಟ್ಟ ಚಂದ್ರೇಗೌಡರು 2009ರಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದವರಾಗಿ ಲೋಕಸಭೆಗೆ ಹೋದರು. ಇದನ್ನು ದೂಷಿಸುವುದಕ್ಕಾಗಿ ಹೇಳುತ್ತಿಲ್ಲ. ಸಾರ್ವಜನಿಕ ಜೀವನದಲ್ಲಿ ಸಂಧಿವಿಗ್ರಹಗಳು ಸಹಜ. ಆದರೆ ಆ ವರ್ಷ ಇವರಿಗಾಗಿ ಮಾತು ಬಿಟ್ಟ ನೆಂಟರಲ್ಲಿ ಕೆಲವರು ಮದುವೆ ಮುಂಜಿಗಳಿಗೆ ಹೋಗದೆ, ಉತ್ತರಕ್ರಿಯೆಗೂ ಬಾರದೆ, ಹಾಗೆಯೇ ಕಾಲವಾದರು. ನಾಯಕರು ಎರಡು ವರ್ಷಗಳಲ್ಲಿ ಕೂಡಿಕೊಂಡರು. ನೆಂಟರು ಆಯುಷ್ಯವೆಲ್ಲ ಕೂಡಲಿಲ್ಲ.

ಅಮೇರಿಕದಲ್ಲಿಯೂ ಇದೇ ನಡೆ. 2016ರಲ್ಲಿ ಟ್ರಂಪರನ್ನು ಕಠೋರವಾಗಿ ಟೀಕಿಸಿದ್ದ ವ್ಯಾನ್ಸರು 2024ರಲ್ಲಿ ಅವರದೇ ಜೊತೆಗಾರರಾಗಿ ಗೆದ್ದರು. 2019ರ ಚರ್ಚಾಸಭೆಯಲ್ಲಿ ಬೈಡನರನ್ನು ತೀಕ್ಷ್ಣವಾಗಿ ಪ್ರಶ್ನಿಸಿದ ಹ್ಯಾರಿಸರು ಮರುವರ್ಷವೇ ಅವರೊಡನೆ ಉಪಾಧ್ಯಕ್ಷ ಪದವಿಗೆ ನಿಂತರು. ಇನ್ನೂ ಹಿಂದಕ್ಕೆ ಹೋದರೆ, 1800ರ ಚುನಾವಣೆಯಲ್ಲಿ ಆಡಮ್ಸ್ ಮತ್ತು ಜೆಫರ್ಸನ್ ಎಂಬ ಹಳೆಯ ಸ್ನೇಹಿತರು ಎದುರಾಳಿಗಳಾದರು. ಅವರ ಪಕ್ಷಗಳ ಪತ್ರಿಕೆಗಳು ಬಾಯಿಗೆ ಬಂದಂತೆ ಬೈದುವು. ಸೋತ ಆಡಮ್ಸರು ಜೆಫರ್ಸನ್ನರ ಅಧಿಕಾರ ಸ್ವೀಕಾರಕ್ಕೆ ನಿಲ್ಲದೆ, ಬೆಳಗಾಗುವ ಮುನ್ನವೇ ರಾಜಧಾನಿಯನ್ನು ಬಿಟ್ಟುಹೋದರು. ಆದರೆ 1812ರಲ್ಲಿ ಇಬ್ಬರೂ ಮರಳಿ ಕಾಗದ ಬರೆಯತೊಡಗಿದರು. ಹದಿನಾಲ್ಕು ವರ್ಷ ಬರೆದರು. 1826ರ ಜುಲೈ 4ರಂದು, ಒಂದೇ ದಿನ, ಇಬ್ಬರೂ ತೀರಿಕೊಂಡರು. ಮೊದಲ ಕಾಗದವು ಆಡಮ್ಸರದು.

ಹಾಗೆಂದು ಮನೆಯಲ್ಲಿ ರಾಜಕೀಯವನ್ನೇ ಆಡಬಾರದೆಂದು ನಾವು ವಿಧಿಸುವುದಿಲ್ಲ. ಮಾತನ್ನು ಮುಚ್ಚಿಟ್ಟ ಮನೆಯಲ್ಲಿ ಮಕ್ಕಳು ವಿವೇಕವನ್ನು ಎಲ್ಲಿ ಕಲಿಯಬೇಕು? ಆಡುವ ಕ್ರಮವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಗೌತಮರ ನ್ಯಾಯಸೂತ್ರವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ತತ್ತ್ವವನ್ನು ತಿಳಿಯಲೆಂದು ಮಾಡುವುದು ವಾದ. ಇದು ಗುರುಶಿಷ್ಯರೊಳಗೂ ನಡೆಯತಕ್ಕದ್ದು. ಗೆಲ್ಲಬೇಕೆಂದು ಮಾಡುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡಹುವುದಷ್ಟೇ ವಿತಂಡ. ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಿಸಿದ ಶ್ರೀ ಮಧ್ವಾಚಾರ್ಯರು 'ಕಥಾಲಕ್ಷಣ'ವೆಂಬ ಕಿರುಗ್ರಂಥವನ್ನು ಈ ವಿಷಯಕ್ಕಾಗಿಯೇ ರಚಿಸಿದರು. ಜಯಾಪಜಯಗಳನ್ನು ನಿರ್ಣಯಿಸುವ ಪ್ರಾಶ್ನಿಕರು ರಾಗದ್ವೇಷಗಳಿಲ್ಲದ ವಿದ್ವಾಂಸರಾಗಿರಬೇಕು, ಅವರ ಸಂಖ್ಯೆ ವಿಷಮವಾಗಿರಬೇಕು ಇಲ್ಲವೆ ಒಬ್ಬನೇ ಆಗಿರಬೇಕು ಎಂಬುದು ಅಲ್ಲಿಯ ಅಭಿಪ್ರಾಯ. ಸಮಸಂಖ್ಯೆಯಾದರೆ ತೀರ್ಪು ನಿಂತೀತೆಂಬ ಮುಂದಾಲೋಚನೆ!

ಚುನಾವಣೆಯು ಜಲ್ಪವೇ ಸರಿ. ಅಲ್ಲಿ ಅದು ಸಲ್ಲುತ್ತದೆ. ಏಕೆಂದರೆ ಮತದಾರರೆಂಬ ಪ್ರಾಶ್ನಿಕರಿದ್ದಾರೆ, ಸಂದೇಹ ಬಂದರೆ ನ್ಯಾಯಾಲಯವಿದೆ. 2000ದಲ್ಲಿ ಫ್ಲಾರಿಡ ಸಂಸ್ಥಾನದ ಕೇವಲ 537 ಮತಗಳ ಅಂತರದಿಂದ ಅಮೇರಿಕದ ಅಧ್ಯಕ್ಷ ಪದವಿಯು ನಿರ್ಣಯವಾಯಿತು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ತೀರ್ಪು ತನಗೆ ಒಪ್ಪಿಗೆಯಿಲ್ಲವೆಂದು ಹೇಳಿಯೂ ಆಲ್ ಗೋರರು ಅದಕ್ಕೆ ತಲೆಬಾಗಿದರು, ಜಲ್ಪವು ಮುಗಿಯಿತು. 2020ರ ಚುನಾವಣೆಯಲ್ಲಿ ಸೋತ ಟ್ರಂಪರು ಫಲಿತಾಂಶವನ್ನು ಒಪ್ಪಲಿಲ್ಲ. 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸದ್ಭವನಕ್ಕೆ ನುಗ್ಗಿದರು. ಪ್ರಾಶ್ನಿಕರ ಮಾತನ್ನು ಒಪ್ಪದಿದ್ದಲ್ಲಿ ಮಾತಿನ ಕಾಳಗವು ಕೈಗೆ ಇಳಿಯುತ್ತದೆ. 2024ರಲ್ಲಿ ಸೋತ ಹ್ಯಾರಿಸರು ಮರುದಿನವೇ ಸೋಲನ್ನು ಒಪ್ಪಿದರು. ಉಪಾಧ್ಯಕ್ಷರಾಗಿದ್ದುದರಿಂದ, 2025ರ ಜನವರಿ 6ರಂದು ಎದುರಾಳಿಯ ಗೆಲುವನ್ನು ಸಾರುವ ಸಭೆಗೆ ತಾವೇ ಅಧ್ಯಕ್ಷತೆ ವಹಿಸಿದರು.

ಮನೆಯಲ್ಲಾದರೋ ರಾಗದ್ವೇಷಗಳಿಲ್ಲದ ಪ್ರಾಶ್ನಿಕರು ಯಾರಿದ್ದಾರೆ? ತಾಯಿಯು ಯಾರ ಕಡೆ ನ್ಯಾಯ ಹೇಳಬೇಕು? ಸೊಸೆಯು ಯಾರ ವಿರುದ್ಧ ತೀರ್ಪು ಕೊಡಬೇಕು? ತೀರ್ಪು ಕೊಡುವವರಿಲ್ಲದ ಜಲ್ಪಕ್ಕೆ ಅಂತ್ಯವಿಲ್ಲ. ಆದುದರಿಂದ ಮನೆಯೊಳಗೆ ವಾದವೊಂದೇ ಸಲ್ಲತಕ್ಕದ್ದು. ಕುಟುಂಬದ ವಾಟ್ಸಪ್ ಗುಂಪೂ ಮನೆಯೇ ಎಂದು ತಿಳಿಯಬೇಕು; ಅಲ್ಲಿ ಬರೆದುದು ಗಾಳಿಗೆ ಹೋಗದೆ ಉಳಿಯುವುದರಿಂದ ಎಚ್ಚರವು ಇಮ್ಮಡಿಯಾಗಬೇಕು.

ವಾದದ ಮೊದಲ ಹೆಜ್ಜೆಯನ್ನು ನಮ್ಮ ಶಾಸ್ತ್ರಕಾರರೇ ತೋರಿಸಿದ್ದಾರೆ. ಸಿದ್ಧಾಂತಕ್ಕೆ ಮುನ್ನ ಪೂರ್ವಪಕ್ಷವನ್ನು, ಅದನ್ನು ನಂಬಿದವನೇ ಮೆಚ್ಚುವಷ್ಟು ಚೆನ್ನಾಗಿ ಹೇಳತಕ್ಕದ್ದು. ಮಗನು ಯಾರನ್ನು ಬಯಸಿದನೆಂದು ಕೇಳಿ ಸಿಟ್ಟಾಗುವುದಕ್ಕಿಂತ, ಏಕೆ ಬಯಸಿದನೆಂದು ತಂದೆಯು ಕೇಳಲಿ: ವೀಸಾದ ಭಯವೋ, ಸಾಮಾನಿನ ಬೆಲೆಯೋ, ಮಗುವಿನ ಶಾಲೆಯೋ? ತಂದೆಯ ಮೆಚ್ಚುಗೆಗೆ ಕಾರಣವೇನೆಂದು ಮಗನೂ ವಿಚಾರಿಸಲಿ. ಕಾರಣವನ್ನು ಕೇಳಿದ ಮೇಲೂ ಭಿನ್ನಾಭಿಪ್ರಾಯವು ಉಳಿಯಬಹುದು, ಉಳಿಯಲಿ. ಒಕ್ಕಲಿನವನ ಗದ್ದೆಯನ್ನೂ ವಿಧವೆಯ ಅಕ್ಕಿಯನ್ನೂ ಅರಿತವನು ಇಬ್ಬರಲ್ಲಿ ಒಬ್ಬರನ್ನೂ ಹಳಿಯಲಾರನು. ಫಲಿತಾಂಶ ಬಂದ ದಿನ ಗೆದ್ದ ಕಡೆಯವರು ಹಂಗಿಸದೆ ಸುಮ್ಮನಿರುವುದು ಎರಡನೆಯ ಹೆಜ್ಜೆ. ಮಾತು ಕೆಟ್ಟಿದ್ದರೆ ಮೊದಲ ಕಾಗದವನ್ನು ಬರೆಯುವುದು ಮೂರನೆಯದು. ಅದನ್ನು ಸೋತ ಕಡೆಯವನೇ ಬರೆದರೂ ಕುಂದಿಲ್ಲವೆಂಬುದಕ್ಕೆ ಆಡಮ್ಸರೇ ಸಾಕ್ಷಿ.

ಅಧ್ಯಕ್ಷರ ಅವಧಿಯು ನಾಲ್ಕು ವರ್ಷ, ನಮ್ಮ ಲೋಕಸಭೆಯದು ಐದು. ಒಡಹುಟ್ಟಿದವರ, ಹೆತ್ತವರ, ಮಕ್ಕಳ ಸಂಬಂಧಕ್ಕೆ ಅವಧಿಯನ್ನು ಯಾವ ಕಾನೂನೂ ಗೊತ್ತುಮಾಡಿಲ್ಲ. ದೊಡ್ಡದನ್ನು ಕೊಟ್ಟು ಚಿಕ್ಕದನ್ನು ಕೊಳ್ಳುವ ವ್ಯಾಪಾರವನ್ನು ಲೆಕ್ಕ ಬಲ್ಲ ಗೃಹಸ್ಥನು ಮಾಡಬಾರದೆಂಬುದಿಷ್ಟೇ ನಮ್ಮ ವಿಜ್ಞಾಪನೆ.